ಸರಾಯೆವೊದ ವಿದ್ಯಾರ್ಥಿ ಹಾಡುಗಾರರು

ಬೋಸ್ನಿಯಾ ಎಂಬ ಹೆಸರು ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಬಿದ್ದದ್ದು ತೊಂಬತ್ತರ ದಶಕದ ಯುದ್ಧದ ಸುದ್ದಿಗಳಲ್ಲಿ. ಮುತ್ತಿಗೆಗೆ ಸಿಲುಕಿದ ಸರಾಯೆವೊ, 1995ರ ಜುಲೈನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಗಂಡಸರು ಮತ್ತು ಹುಡುಗರನ್ನು ಕೊಂದ ಸ್ರೆಬ್ರೆನಿತ್ಸಾ. ನಮಗೆ ತಿಳಿದ ಬೋಸ್ನಿಯಾ ಅಷ್ಟೇ. ಆದರೆ ಒಂದು ನಗರವನ್ನು ಅದರ ಸಾವಿನ ಲೆಕ್ಕದಿಂದ ಮಾತ್ರ ಅರಿತವರಿಗೆ ಅಲ್ಲಿ ಏನು ಕಳೆದುಹೋಯಿತು ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಲು ಯುದ್ಧಕ್ಕಿಂತ ಮೂವತ್ತು ವರ್ಷ ಹಿಂದೆ, 1962ಕ್ಕೆ ಹೋಗಬೇಕು. ಆ ವರ್ಷ ಸರಾಯೆವೊದಲ್ಲಿ ಕೆಲವು ವಿದ್ಯಾರ್ಥಿಗಳು ಗಿಟಾರ್ ಹಿಡಿದು ಒಂದು ತಂಡ ಕಟ್ಟಿದರು. ಅದಕ್ಕೆ ಅವರು ಇಟ್ಟ ಹೆಸರು 'ಇಂಡೆಕ್ಸಿ'.

ಆ ಹೆಸರಿನಲ್ಲೇ ಕಥೆಯ ಅರ್ಧ ಭಾಗವಿದೆ. ಅಂದಿನ ಯುಗೊಸ್ಲಾವಿಯದಲ್ಲಿ ವಿಶ್ವವಿದ್ಯಾನಿಲಯಕ್ಕೆ ಸೇರಿದ ಪ್ರತಿಯೊಬ್ಬನಿಗೂ ಒಂದು ಸಣ್ಣ ಪುಸ್ತಿಕೆ ಕೊಡುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಪ್ರಾಧ್ಯಾಪಕರು ಅದರಲ್ಲಿ ಅಂಕ ಬರೆದು ಸಹಿ ಹಾಕುತ್ತಿದ್ದರು. ಅದರ ಹೆಸರು ಇಂಡೆಕ್ಸ್. ಹಳ್ಳಿಯಿಂದ ಬಂದ ರೈತನ ಮಗನಿಗೂ ನಗರದ ವೈದ್ಯನ ಮಗಳಿಗೂ ಸಿಗುತ್ತಿದ್ದದ್ದು ಒಂದೇ ಬಗೆಯ ಪುಸ್ತಿಕೆ. ನಾವು ಮಾರ್ಕ್ಸ್ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಳ್ಳುವಂತೆ ಅಲ್ಲಿನ ಹುಡುಗರು ಇಂಡೆಕ್ಸನ್ನು ಕಾಪಾಡಿಕೊಳ್ಳುತ್ತಿದ್ದರು. ಹಾಡುಗಾರರ ತಂಡವೊಂದು ಊರಿನ ಹೆಸರನ್ನೋ ಕುಲದ ಹೆಸರನ್ನೋ ಬಿಟ್ಟು, 'ನಾವು ವಿದ್ಯಾರ್ಥಿಗಳು' ಎಂದು ಹೇಳುವ ಈ ಪುಸ್ತಿಕೆಯ ಹೆಸರನ್ನು ಇಟ್ಟುಕೊಂಡಿತು.

ಹಳೆಯ ನಗರ, ಹೊಸಬರು

ಸರಾಯೆವೊ ಹದಿನೈದನೆಯ ಶತಮಾನದಲ್ಲಿ ಉಸ್ಮಾನಿಯಾ ಆಡಳಿತದ ಕಾಲದಲ್ಲಿ ಬೆಳೆದ ನಗರ. ಅಲ್ಲಿನ ಗಾಝಿ ಹುಸ್ರೆವ್ ಬೇಗ್ ಮದ್ರಸ 1537ರಷ್ಟು ಹಳೆಯದು. ಸ್ಪೇನಿನಿಂದ ಹೊರದಬ್ಬಲ್ಪಟ್ಟ ಯಹೂದಿಗಳು ಆಶ್ರಯ ಪಡೆದ ಊರುಗಳಲ್ಲಿ ಅದೂ ಒಂದು. ಮಸೀದಿ, ಆರ್ಥಡಾಕ್ಸ್ ಇಗರ್ಜಿ, ಕ್ಯಾಥೊಲಿಕ್ ಕೆಥೆಡ್ರಲ್ ಮತ್ತು ಯಹೂದಿಗಳ ಸಿನಗಾಗ್ ಅಲ್ಲಿ ಕೆಲವೇ ನಿಮಿಷಗಳ ನಡಿಗೆಯಲ್ಲಿ ಸಿಗುತ್ತವೆ.

ಆದರೆ ಈ ಹಳೆಯ ನಗರಕ್ಕೆ ವಿಶ್ವವಿದ್ಯಾನಿಲಯ ಬಂದದ್ದು 1949ರಲ್ಲಿ. ಅದಕ್ಕೆ ಮೊದಲು ಉನ್ನತ ಶಿಕ್ಷಣ ಬೇಕಾದವರಲ್ಲಿ ಹೆಚ್ಚಿನವರು ಬೆಲ್‌ಗ್ರೇಡ್, ಝಾಗ್ರೆಬ್ ಅಥವಾ ವಿಯೆನ್ನಾಕ್ಕೆ ಹೋಗಬೇಕಿತ್ತು. ಎರಡನೆಯ ಮಹಾಯುದ್ಧದಲ್ಲಿ ಬೋಸ್ನಿಯಾ ತೀವ್ರವಾಗಿ ನಲುಗಿತ್ತು. ನೆರೆಹೊರೆಯವರೇ ಪರಸ್ಪರ ಕೊಂದ ನೆನಪು ಇನ್ನೂ ಹಸಿಯಾಗಿತ್ತು. ಅಂಥ ಮನೆಗಳ ಮಕ್ಕಳು, ತಮ್ಮ ವಂಶದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು, ಟ್ರಂಕು ಹೊತ್ತು ಸರಾಯೆವೊಕ್ಕೆ ಬಂದಿಳಿದರು. ಹಾಸ್ಟೆಲಿನ ಕೋಣೆಯಲ್ಲಿ ಪಕ್ಕದ ಮಂಚದವನು ಯಾರ ಮಗ ಎಂದು ಕೇಳುವ ಮೊದಲೇ ಅವನ ಜತೆ ಊಟಕ್ಕೆ ಹೋಗಬೇಕಾದ ಸ್ಥಿತಿ. ಹೊಸ ಊರಿಗೆ ಓದಲು ಹೋದ ಯಾರಿಗೂ ಈ ಅನುಭವ ಅಪರಿಚಿತವಲ್ಲ.

ಕಾಲವೂ ಅನುಕೂಲವಾಗಿತ್ತು. ತಂಡ ಹುಟ್ಟುವ ಒಂದು ವರ್ಷ ಮೊದಲು, 1961ರ ಸೆಪ್ಟೆಂಬರಿನಲ್ಲಿ ಟಿಟೊ, ನೆಹರೂ, ನಾಸಿರ್ ಮೊದಲಾದವರು ಬೆಲ್‌ಗ್ರೇಡಿನಲ್ಲಿ ಸೇರಿ ಅಲಿಪ್ತ ದೇಶಗಳ ಮೊದಲ ಶೃಂಗಸಭೆ ನಡೆಸಿದ್ದರು. ಯುಗೊಸ್ಲಾವಿಯ ಸಮಾಜವಾದಿ ದೇಶವಾಗಿದ್ದರೂ ಪಶ್ಚಿಮಕ್ಕೆ ಬಾಗಿಲು ಹಾಕಿಕೊಂಡಿರಲಿಲ್ಲ. ರಾತ್ರಿ ಹೊತ್ತು ರೇಡಿಯೊ ತಿರುವಿದರೆ ಯುರೋಪಿನ ಬೇರೆ ಬೇರೆ ಕೇಂದ್ರಗಳ ಹಾಡು ಕೇಳುತ್ತಿತ್ತು. ಇಂಗ್ಲೆಂಡಿನ 'ಶ್ಯಾಡೋಸ್' ತಂಡ ಹಾಡಿಲ್ಲದೆ ಬರೀ ವಿದ್ಯುತ್ ಗಿಟಾರಿನಲ್ಲಿ ನುಡಿಸುತ್ತಿದ್ದ ಮಟ್ಟುಗಳು ಆ ಹುಡುಗರಿಗೆ ಹುಚ್ಚು ಹಿಡಿಸಿದವು.

ಅನುಕರಣೆಯಿಂದ ಆರಂಭ

ಇಂಡೆಕ್ಸಿ ತಂಡವೂ ಅಲ್ಲಿಂದಲೇ ಶುರು ಮಾಡಿತು. ಶ್ಯಾಡೋಸ್‌ನವರ ಮಟ್ಟುಗಳನ್ನು ಕೇಳಿ ಕೇಳಿ ಕಲಿತು ವಿದ್ಯಾರ್ಥಿಗಳ ನೃತ್ಯಕೂಟಗಳಲ್ಲಿ ನುಡಿಸುವುದು ಅವರ ಮೊದಲ ಕೆಲಸ. ಇಂಥ ತಂಡಗಳನ್ನು ಅಲ್ಲಿ 'ಗಾಯನ-ವಾದ್ಯ ತಂಡ' ಎಂದು ಕರೆಯುತ್ತಿದ್ದರು. ಎಲ್ಲ ಹೊಸ ತಂಡಗಳಂತೆ ಇಲ್ಲೂ ಮೊದಲ ವರ್ಷಗಳಲ್ಲಿ ಜನ ಬಂದರು, ಹೋದರು. ಗಿಟಾರಿಗೆ ಇಸ್ಮೆತ್ ಅರ್ನಾವ್ತಾಲಿಚ್ ಮತ್ತು ಸ್ಲೊಬೊದಾನ್ ಕೊವಾಚೆವಿಚ್, ಬೇಸ್ ಗಿಟಾರಿಗೆ ಫಾದಿಲ್ ರೆಜಿಚ್, ಡ್ರಮ್ಸಿಗೆ ಜೋರ್ಜೆ ಕಿಸಿಚ್, ಹಾಡಲು 1964ರಿಂದ ದಾವೊರಿನ್ ಪೊಪೊವಿಚ್. ಆಗ ದಾವೊರಿನ್‌ಗೆ ಇನ್ನೂ ಹದಿನೆಂಟರ ಆಸುಪಾಸು.

ಈ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಬೇಕು. ಇಸ್ಮೆತ್ ಮತ್ತು ಫಾದಿಲ್ ಮುಸ್ಲಿಮ್ ಪರಂಪರೆಯ ಹೆಸರುಗಳು. ಸ್ಲೊಬೊದಾನ್, ಜೋರ್ಜೆ, ದಾವೊರಿನ್ ಕ್ರೈಸ್ತ ಪರಂಪರೆಯ ಮನೆಗಳ ಹೆಸರುಗಳು. ಇದನ್ನು ನಾವು ಇಂದು ಎತ್ತಿ ಹೇಳುತ್ತಿದ್ದೇವೆ. ಅವರು ಸೌಹಾರ್ದದ ಸಂದೇಶ ಸಾರಲು ತಂಡ ಕಟ್ಟಿದವರಲ್ಲ. ಚೆನ್ನಾಗಿ ಗಿಟಾರ್ ನುಡಿಸುವವನು ಬೇಕಿತ್ತು, ಸಿಕ್ಕಿದ. ಹಾಡುವವನು ಬೇಕಿತ್ತು, ಸಿಕ್ಕಿದ. ಒಟ್ಟಿಗೆ ಬದುಕುವುದು ಸಹಜವಾಗಿದ್ದಾಗ ಅದಕ್ಕೆ ವೇದಿಕೆಯಾಗಲಿ ಬ್ಯಾನರಾಗಲಿ ಬೇಕಾಗುವುದಿಲ್ಲ.

ಕೊರ್ನೆಲಿಯೆ ಕೊವಾಚ್ ಎಂಬವರು ಉತ್ತರದ ಸುಬೊತಿತ್ಸಾದಿಂದ ಸರಾಯೆವೊದ ಸಂಗೀತ ಅಕಾಡೆಮಿಗೆ ಓದಲು ಬಂದವರು. ಅವರೂ ಅರವತ್ತರ ದಶಕದ ಕೊನೆಗೆ ಇಂಡೆಕ್ಸಿಯಲ್ಲಿ ಕೀಬೋರ್ಡ್ ನುಡಿಸಿದರು. 1968ರಲ್ಲಿ ಬೆಲ್‌ಗ್ರೇಡಿಗೆ ಹೋಗಿ ತಮ್ಮದೇ 'ಕೊರ್ನಿ ಗ್ರೂಪಾ' ಕಟ್ಟಿದರು. ಓದಲು ಬಂದ ಊರಿನಲ್ಲಿ ಕಲಿತದ್ದನ್ನು ಮತ್ತೊಂದು ಊರಿಗೆ ಒಯ್ದು ಬೆಳೆಸಿದ ಅವರು ದೇಶದ ಪ್ರಮುಖ ಸಂಗೀತ ಸಂಯೋಜಕರಲ್ಲಿ ಒಬ್ಬರಾಗಿ, 2022ರಲ್ಲಿ ತೀರಿಕೊಂಡರು.

ಅನುಕರಣೆಯಲ್ಲೇ ನಿಂತಿದ್ದರೆ ಈ ತಂಡವನ್ನು ಇಂದು ಯಾರೂ ನೆನೆಯುತ್ತಿರಲಿಲ್ಲ. ಬೇಗನೆ ಅವರು ತಮ್ಮದೇ ಹಾಡುಗಳನ್ನು ತಮ್ಮದೇ ಭಾಷೆಯಲ್ಲಿ ಹಾಡತೊಡಗಿದರು. ಬೋಸ್ನಿಯಾದ ಮನೆ ಮನೆಗಳಲ್ಲಿ 'ಸೆವ್ದಾಲಿಂಕಾ' ಎಂಬ ವಿರಹ ಗೀತೆಗಳ ಪರಂಪರೆ ಇತ್ತು. ಅದರ ಮೂಲದಲ್ಲಿರುವ 'ಸೆವ್ದಾ' ಎಂಬ ಪದ ಅರಬಿಯಿಂದ ತುರ್ಕಿ ಭಾಷೆಯ ಮೂಲಕ ಬಂದದ್ದು. ಪ್ರೇಮದ ಉನ್ಮಾದವನ್ನು ಉರ್ದು ಕವಿಗಳು 'ಸೌದಾ' ಎಂದು ಕರೆಯುವುದೂ ಅದೇ ಅರಬಿ ಮೂಲದಿಂದ. ಇಸ್ಲಾಮಿನಲ್ಲಿ ಸಂಗೀತದ ಸ್ಥಾನವೇನು ಎಂಬ ಚರ್ಚೆ ನಮ್ಮಲ್ಲಿರುವಂತೆ ಅಲ್ಲೂ ಇದೆ. ಅದು ಈ ಲೇಖನದ ವಿಷಯವಲ್ಲ. ಆದರೆ ಬೋಸ್ನಿಯಾದ ಮುಸ್ಲಿಮರ ಬದುಕಿನಲ್ಲಿ ಭಕ್ತಿಯ 'ಇಲಾಹಿಯಾ'ಗಳ ಜತೆಗೆ ಸೆವ್ದಾಲಿಂಕಾವೂ ಶತಮಾನಗಳಿಂದ ಇತ್ತು ಎಂಬುದು ಇತಿಹಾಸ. 2024ರಲ್ಲಿ ಯುನೆಸ್ಕೊ ಸೆವ್ದಾಲಿಂಕಾವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಡೆಕ್ಸಿಯ ಮೊದಲ ಪೂರ್ಣ ಸ್ಟುಡಿಯೊ ಆಲ್ಬಮ್ ಬಂದದ್ದು 1978ರಲ್ಲಿ, ತಂಡ ಹುಟ್ಟಿ ಹದಿನಾರು ವರ್ಷಗಳ ಮೇಲೆ. ಹೆಸರು 'ಮೊದ್ರಾ ರಿಯೆಕಾ', ಅಂದರೆ ನೀಲಿ ನದಿ. ಅದು ಮಾಕ್ ದಿಜ್ದಾರ್ ಅವರ ಕವಿತೆಯ ಹೆಸರು. 1917ರಲ್ಲಿ ಸ್ತೊಲಾತ್ಸ್ ಪಟ್ಟಣದ ಮುಸ್ಲಿಮ್ ಮನೆಯೊಂದರಲ್ಲಿ ಹುಟ್ಟಿದ ದಿಜ್ದಾರ್, ಬೋಸ್ನಿಯಾದ ಬೆಟ್ಟಗಳಲ್ಲಿ ಹರಡಿರುವ ಮಧ್ಯಯುಗದ ಗೋರಿಕಲ್ಲುಗಳಿಂದ ಪ್ರೇರಣೆ ಪಡೆದವರು. ಆ ಕಲ್ಲುಗಳನ್ನು ಯಾವುದೇ ಒಂದು ಪಂಗಡ ತನ್ನವು ಮಾತ್ರ ಎನ್ನುವಂತಿಲ್ಲ. ಅವುಗಳ ಕೆಳಗೆ ಬೇರೆ ಬೇರೆ ಕ್ರೈಸ್ತ ಪಂಥಗಳವರು ಮಲಗಿದ್ದಾರೆ. ಇಂಗ್ಲೆಂಡಿನ ಮಟ್ಟುಗಳನ್ನು ನಕಲು ಮಾಡುತ್ತಾ ಹೊರಟ ಹುಡುಗರು ಕೊನೆಗೆ ತಮ್ಮ ನೆಲದ ಕವಿಯ ಬಳಿಗೆ ಬಂದು ನಿಂತರು.

ಹಾಡು ಯುದ್ಧವನ್ನು ತಡೆಯಲಿಲ್ಲ

ಇಂಡೆಕ್ಸಿ ತೆರೆದ ದಾರಿಯಲ್ಲಿ ಬಹಳ ಮಂದಿ ನಡೆದರು. 1974ರಲ್ಲಿ 'ಬಿಯೆಲೊ ದುಗ್ಮೆ' ಬಂತು. ಎಂಬತ್ತರ ದಶಕದಲ್ಲಿ ವ್ಯವಸ್ಥೆಯನ್ನು ಲೇವಡಿ ಮಾಡುವ 'ಝಾಬ್ರಾನ್ಯೆನೊ ಪುಶೆನ್ಯೆ' ಬಂತು. ಈ ಎರಡನೆಯ ಹೆಸರಿನ ಅರ್ಥ 'ಧೂಮಪಾನ ನಿಷೇಧಿಸಿದೆ'. 1984ರಲ್ಲಿ ಚಳಿಗಾಲದ ಒಲಿಂಪಿಕ್ಸ್ ಸರಾಯೆವೊದಲ್ಲಿ ನಡೆದಾಗ ಆ ನಗರ ಜಗತ್ತಿನ ಕಣ್ಣಿಗೆ ಕಂಡದ್ದು ಸಂತೋಷದ ಊರಾಗಿ.

ಎಂಟು ವರ್ಷಗಳ ಬಳಿಕ ಎಲ್ಲವೂ ಮುರಿಯಿತು. 1992ರ ಏಪ್ರಿಲಿನಲ್ಲಿ ಆರಂಭವಾದ ಮುತ್ತಿಗೆ 1996ರ ಫೆಬ್ರವರಿ ಕೊನೆಯವರೆಗೆ, 1,425 ದಿನ ನಡೆಯಿತು. ಸುತ್ತಲಿನ ಬೆಟ್ಟಗಳಿಂದ ಸರ್ಬ್ ಪಡೆಗಳು ನಗರದ ಮೇಲೆ ಶೆಲ್ ಸುರಿಸಿದವು. ನೀರು ತರಲು ಹೋದವರು, ರೊಟ್ಟಿಗಾಗಿ ಸಾಲು ನಿಂತವರು ಸತ್ತರು. ಮುತ್ತಿಗೆ ಆರಂಭವಾಗಿ ಇಪ್ಪತ್ತು ವರ್ಷ ತುಂಬಿದಾಗ, 2012ರಲ್ಲಿ, ಸತ್ತವರ ನೆನಪಿಗೆ ನಗರದ ಮುಖ್ಯ ರಸ್ತೆಯಲ್ಲಿ 11,541 ಕೆಂಪು ಕುರ್ಚಿಗಳನ್ನು ಖಾಲಿ ಇಟ್ಟಿದ್ದರು.

ದಾಳಿ ಮಾಡಿದವರು ಏನನ್ನು ಸುಟ್ಟರು ಎಂಬುದನ್ನೂ ಗಮನಿಸಬೇಕು. 1992ರ ಮೇ ತಿಂಗಳಲ್ಲಿ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಸುಟ್ಟು, ಅರಬಿ, ಫಾರ್ಸಿ, ತುರ್ಕಿ ಭಾಷೆಗಳ ಮತ್ತು ಅರಬಿ ಲಿಪಿಯಲ್ಲಿ ಬರೆದ ಬೋಸ್ನಿಯನ್ ಭಾಷೆಯ ಐದು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳ ಸಂಗ್ರಹ ಬೂದಿಯಾಯಿತು. ಅರಬಿ ಲಿಪಿಯಲ್ಲಿ ಮಲಯಾಳ ಓದಿ ಬೆಳೆದ ನಮ್ಮ ಕರಾವಳಿಯ ಹಿರಿಯರಿಗೆ ಈ ನಷ್ಟದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ರಾಷ್ಟ್ರೀಯ ಮತ್ತು ವಿಶ್ವವಿದ್ಯಾನಿಲಯ ಗ್ರಂಥಾಲಯ ಉರಿಯಿತು. ಇಂಡೆಕ್ಸ್ ಪುಸ್ತಿಕೆ ಹಿಡಿದು ಸರಾಯೆವೊಕ್ಕೆ ಬಂದ ವಿದ್ಯಾರ್ಥಿಗಳು ಕುಳಿತು ಓದುತ್ತಿದ್ದ ಜಾಗ ಅದು. ಗಾಝಿ ಹುಸ್ರೆವ್ ಬೇಗ್ ಗ್ರಂಥಾಲಯದ ಸಿಬ್ಬಂದಿ ಮಾತ್ರ ಪ್ರಾಣದ ಹಂಗು ತೊರೆದು ಹಸ್ತಪ್ರತಿಗಳನ್ನು ಒಂದು ಕಟ್ಟಡದಿಂದ ಮತ್ತೊಂದಕ್ಕೆ ಹೊತ್ತು ಉಳಿಸಿಕೊಂಡರು.

ತಂಡಗಳೂ ಒಡೆದವು. 'ಝಾಬ್ರಾನ್ಯೆನೊ ಪುಶೆನ್ಯೆ'ಯ ಗೆಳೆಯರಲ್ಲಿ ಕೆಲವರು ಬೆಲ್‌ಗ್ರೇಡಿಗೆ ಹೋದರು. ಯುದ್ಧದ ಬಳಿಕ ಅದರ ಪರಂಪರೆಯನ್ನು ಮುಂದುವರಿಸಲು ಎರಡು ಬೇರೆ ತಂಡಗಳು ಹುಟ್ಟಿಕೊಂಡವು. ಒಂದೇ ವೇದಿಕೆಯಲ್ಲಿ ನಿಂತು ಹಾಡಿದವರು ಗಡಿಯ ಎರಡು ಬದಿಗಳಲ್ಲಿ ನಿಂತರು.

ಹಾಗಾದರೆ ಆ ಮೂವತ್ತು ವರ್ಷಗಳ ಹಾಡು ವ್ಯರ್ಥವಾಯಿತೇ? ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಗೆಳೆತನ, ಸಂಗೀತ, ಒಟ್ಟಿಗೆ ಉಣ್ಣುವುದು ಇವಿಷ್ಟೇ ಸಾಕು, ಕೋಮುದ್ವೇಷ ತಾನಾಗಿ ಸೋಲುತ್ತದೆ ಎಂದು ನಂಬಿದ್ದವರಿಗೆ ಸರಾಯೆವೊ ಕಹಿ ಉತ್ತರ ಕೊಟ್ಟಿತು. ಕೋವಿ, ಅಧಿಕಾರ ಮತ್ತು ಪ್ರಚಾರಯಂತ್ರ ಕೈಯಲ್ಲಿದ್ದವರ ಮುಂದೆ ಗಿಟಾರಿಗೆ ಬಲವಿರಲಿಲ್ಲ. ರಾಜಕೀಯವನ್ನು ದ್ವೇಷದ ವ್ಯಾಪಾರಿಗಳಿಗೆ ಬಿಟ್ಟುಕೊಟ್ಟ ಸಮಾಜವನ್ನು ಹಾಡು ಕಾಪಾಡಲಾರದು.

ಆದರೂ ಮುತ್ತಿಗೆಯ ಒಳಗೆ ಏನು ನಡೆಯಿತೆಂದು ನೋಡಿದರೆ ಬೇರೊಂದು ಉತ್ತರವೂ ಸಿಗುತ್ತದೆ. ವಿದ್ಯುತ್ ಇಲ್ಲದ, ಚಳಿಗೆ ಪುಸ್ತಕ ಮತ್ತು ಪೀಠೋಪಕರಣಗಳನ್ನು ಉರಿಸುತ್ತಿದ್ದ ಆ ನಗರದ ನೆಲಮಾಳಿಗೆಗಳಲ್ಲಿ ಹದಿಹರೆಯದವರು ಮತ್ತೆ ತಂಡ ಕಟ್ಟಿದರು. 1995ರ ಜನವರಿಯಲ್ಲಿ, ಶೆಲ್ ಬೀಳುತ್ತಿದ್ದ ಕಾಲದಲ್ಲೇ, ಅಂಥ ತಂಡಗಳೆಲ್ಲ ಸೇರಿ 'ಮುತ್ತಿಗೆಯಲ್ಲಿ ರಾಕ್' ಎಂಬ ಕಛೇರಿ ನಡೆಸಿದವು. ಅದೇ ವರ್ಷ ಮೇ ತಿಂಗಳಲ್ಲಿ ಡಬ್ಲಿನ್‌ನಲ್ಲಿ ನಡೆದ ಯೂರೋವಿಷನ್ ಸ್ಪರ್ಧೆಯಲ್ಲಿ ಹೊಸ ದೇಶ ಬೋಸ್ನಿಯಾದ ಪರವಾಗಿ ಹಾಡಿದವರು ಇಂಡೆಕ್ಸಿಯ ದಾವೊರಿನ್ ಪೊಪೊವಿಚ್. ಆಗ ಅವರಿಗೆ 48 ವರ್ಷ. ಅವರ ರಾಜಧಾನಿ ಇನ್ನೂ ಮುತ್ತಿಗೆಯಲ್ಲಿತ್ತು. ಹಾಡಿನ ಶೀರ್ಷಿಕೆಯ ಅರ್ಥ 'ಇಪ್ಪತ್ತೊಂದನೆಯ ಶತಮಾನ'. ಸ್ಪರ್ಧೆಯಲ್ಲಿ ಸಿಕ್ಕಿದ್ದು ಹತ್ತೊಂಬತ್ತನೆಯ ಸ್ಥಾನ. ಆ ಶತಮಾನದ ಮೊದಲ ವರ್ಷ, 2001ರ ಜೂನಿನಲ್ಲಿ ಅವರು ತೀರಿಕೊಂಡರು.

ಇಂದಿನ ತರಗತಿಗಳು

1995ರ ಡೇಟನ್ ಒಪ್ಪಂದ ಗುಂಡಿನ ಸದ್ದು ನಿಲ್ಲಿಸಿತು. ಆದರೆ ಮಕ್ಕಳನ್ನು ಬೇರ್ಪಡಿಸುವುದು ನಿಲ್ಲಲಿಲ್ಲ. ಬೋಸ್ನಿಯಾದ ಹಲವು ಊರುಗಳಲ್ಲಿ 'ಒಂದೇ ಸೂರಿನಡಿ ಎರಡು ಶಾಲೆ' ಎಂಬ ಪದ್ಧತಿ ಬೆಳೆಯಿತು. ಕಟ್ಟಡ ಒಂದೇ, ಬೋಸ್ನಿಯಾಕ್ ಮುಸ್ಲಿಮ್ ಮಕ್ಕಳಿಗೂ ಕ್ರೊಯೇಟ್ ಕ್ಯಾಥೊಲಿಕ್ ಮಕ್ಕಳಿಗೂ ತರಗತಿ ಬೇರೆ, ಪಠ್ಯ ಬೇರೆ, ಕೆಲವೆಡೆ ಬಾಗಿಲೂ ಬೇರೆ. ಮಾಕ್ ದಿಜ್ದಾರ್ ಹುಟ್ಟಿದ ಸ್ತೊಲಾತ್ಸ್ ಕೂಡ ಅಂಥ ಊರುಗಳಲ್ಲಿ ಒಂದು. ಇಂಡೆಕ್ಸಿಯ ಹುಡುಗರು ಯಾರನ್ನೂ ಕೇಳದೆ ದಾಟಿದ ಗೆರೆಯನ್ನು ಶಾಲೆಯ ಗೋಡೆಯಾಗಿ ಕಟ್ಟಲಾಯಿತು.

ಅದನ್ನು ಪ್ರಶ್ನಿಸಿದವರೂ ವಿದ್ಯಾರ್ಥಿಗಳೇ. ಯಾಯ್ತ್ಸೆ ಪಟ್ಟಣದಲ್ಲಿ ಹೊಸದಾಗಿ ಪ್ರತ್ಯೇಕ ಪ್ರೌಢಶಾಲೆ ತೆರೆಯಲು ಸರಕಾರ ಹೊರಟಾಗ ಎರಡೂ ಸಮುದಾಯಗಳ ಮಕ್ಕಳು ಒಟ್ಟಾಗಿ ಬೀದಿಗಿಳಿದರು. 2017ರಲ್ಲಿ ಆ ಯೋಜನೆ ಕೈಬಿಡಲಾಯಿತು. ಯುದ್ಧ ಇಬ್ಭಾಗ ಮಾಡಿದ ಮೊಸ್ತಾರ್ ನಗರದಲ್ಲಿ 2012ರಲ್ಲಿ ಒಂದು ರಾಕ್ ಶಾಲೆ ಆರಂಭವಾಯಿತು. ನದಿಯ ಎರಡೂ ದಂಡೆಗಳ ಹುಡುಗ ಹುಡುಗಿಯರು ಅಲ್ಲಿಗೆ ಬಂದು ಒಟ್ಟಿಗೆ ತಂಡ ಕಟ್ಟಿದರು.

2022ರಲ್ಲಿ ನಮ್ಮ ಕಾಲೇಜುಗಳ ಗೇಟಿನ ಮುಂದೆ ಹಿಜಾಬ್ ತೊಟ್ಟವರೂ ಕೇಸರಿ ಶಾಲು ಹೊದ್ದವರೂ ಎದುರುಬದುರಾಗಿ ನಿಂತದ್ದನ್ನು ಕಂಡವರು ನಾವು. ಅವರು ಒಂದೇ ಕಾಲೇಜಿನ, ಒಂದೇ ತರಗತಿಯ ಸಹಪಾಠಿಗಳು. ಸರಾಯೆವೊದ ಕಥೆಯಿಂದ ನಮಗೆ ಬೇಕಾದದ್ದು ಸಾಂತ್ವನಕ್ಕಿಂತ ಹೆಚ್ಚಾಗಿ ಎಚ್ಚರ. ಬೇರೆ ಬೇರೆ ಮನೆಗಳ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು ಕಲಿಯುವ, ಜಗಳವಾಡುವ, ಹಾಡು ಕಟ್ಟುವ ಅವಕಾಶ ಒಮ್ಮೆ ಕೈತಪ್ಪಿದರೆ ಅದನ್ನು ಮರಳಿ ಪಡೆಯಲು ಒಂದು ತಲೆಮಾರು ಸಾಲದು. ಡೇಟನ್ ಒಪ್ಪಂದವಾದ ವರ್ಷ ಹುಟ್ಟಿದ ಮಗುವಿಗೆ ಈಗ ಮೂವತ್ತು ದಾಟಿದೆ; ಬೋಸ್ನಿಯಾ ಇನ್ನೂ ಆ ಕೋಣೆಯನ್ನು ಹುಡುಕುತ್ತಿದೆ.