ಕುಪ್ಪಿಯ ಕತ್ತಿನಲ್ಲಿ ಇಂಗಳೀಕ

ಆನೆಗೊಂದಿಯಿಂದ ತುಂಗಭದ್ರೆ ದಾಟಿದರೆ ಹಂಪಿ. ಎರಡೂ ದಡಗಳಿಗೆ ಹಬ್ಬಿದ್ದ ಆ ರಾಜಧಾನಿಯ ಪೇಟೆಗೆ ಏನೇನು ಬರುತ್ತಿತ್ತು ಎಂಬುದನ್ನು ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ 1518ರ ಸುಮಾರಿಗೆ ಬರೆದಿಟ್ಟಿದ್ದಾನೆ. ತಾಮ್ರ, ಕೇಸರಿ, ಪನ್ನೀರು, ಅಫೀಮು, ಶ್ರೀಗಂಧ, ಕರ್ಪೂರಗಳ ಜೊತೆ ಅಲ್ಲಿ ಇನ್ನೆರಡು ಹೆಸರುಗಳಿವೆ: ಪಾದರಸ ಮತ್ತು ಇಂಗಳೀಕ. ಭಟ್ಕಳ ಬಂದರಿನ ಸರಕಿನಲ್ಲೂ ಇವೆರಡು ಕಾಣುತ್ತವೆ. ಕುದುರೆ, ವಜ್ರಗಳತ್ತ ಓಡುವ ಅವಸರದಲ್ಲಿ ಓದುಗರು ಈ ಸಾಲನ್ನು ದಾಟಿಬಿಡುತ್ತಾರೆ. ಹರಳು ಬೆಳೆಸುವುದೇ ಕೆಲಸವಾದ ನನ್ನಂಥವರ ಕಣ್ಣು ಮಾತ್ರ ಅಲ್ಲೇ ನಿಲ್ಲುತ್ತದೆ.

ಇಂಗಳೀಕವೆಂದರೆ ಪಾದರಸದ ಸಲ್ಫೈಡ್. ಲೋಹವೊಂದು ಗಂಧಕ, ಸೆಲೆನಿಯಂ ಅಥವಾ ಟೆಲ್ಯುರಿಯಂ ಜೊತೆ ಕೂಡಿದ ಇಂಥ ವಸ್ತುಗಳಿಗೆ ಇಂದು ಲೋಹ ಚಾಲ್ಕೊಜೆನೈಡ್ ಎಂಬ ಹೆಸರಿದೆ. ಅದೇ ವಸ್ತುವನ್ನು ತಯಾರಿಸುವ ವಿದ್ಯೆ ನಮ್ಮ ರಸವೈದ್ಯರಲ್ಲಿತ್ತು. ಅವರು ಕರೆದದ್ದು ರಸಸಿಂದೂರ ಎಂದು. ಪಾದರಸ, ಗಂಧಕ ಎರಡನ್ನೂ ಖಲ್ವದಲ್ಲಿ ಅರೆದರೆ ಕಾಡಿಗೆಯಂಥ ಕಜ್ಜಲಿ ಸಿಗುತ್ತದೆ. ಮಣ್ಣು ಮೆತ್ತಿದ ಬಟ್ಟೆಯನ್ನು ಏಳು ಸುತ್ತು ಸುತ್ತಿದ ಗಾಜಿನ ಕುಪ್ಪಿಗೆ ಅದನ್ನು ಹಾಕಿ, ಮರಳು ತುಂಬಿದ ಪಾತ್ರೆಯಲ್ಲಿ ಹೂತು, ಮೊದಲು ಮಂದ, ಆಮೇಲೆ ಮಧ್ಯಮ, ಕೊನೆಗೆ ತೀವ್ರ ಉರಿ ಕೊಡಬೇಕು. ಗಂಧಕ ಬಾಯಿಗೆ ಕಟ್ಟಿಕೊಂಡರೆ ಕುಪ್ಪಿ ಸಿಡಿದೀತು. ಕಾಸಿದ ಸಲಾಕೆ ಆಡಿಸಿ ದಾರಿ ಬಿಡಿಸುತ್ತಿರಬೇಕು. ಹೆಚ್ಚುವರಿ ಗಂಧಕ ಉರಿದುಹೋದ ಮೇಲೆ ಬಿರಡೆ. ಆವಿಯಾಗಿ ಮೇಲೇರಿದ್ದು ತಂಪಾದ ಕತ್ತಿನಲ್ಲಿ ಕೆಂಪಗೆ ಹರಳುಗಟ್ಟುತ್ತದೆ. ಕುಪ್ಪಿ ಒಡೆದೇ ಅದನ್ನು ತೆಗೆಯಬೇಕು.

ನಾವೂ ಒಡೆಯುತ್ತೇವೆ. ನಮ್ಮದು ಗಾಳಿ ತೆಗೆದು ಬಾಯಿ ಬೆಸೆದ ಕ್ವಾರ್ಟ್ಜ್ ನಳಿಕೆ. ಒಂದು ತುದಿ ಬಿಸಿ, ಇನ್ನೊಂದು ಕೊಂಚ ತಂಪು, ಹಲವು ಸಲ ಒಳಗೊಂದು ಚಿಟಿಕೆ ಅಯೋಡಿನ್. ತತ್ವ ಹತ್ತಿರದ್ದೇ. ಹಾಗೆಂದು ರಸವೈದ್ಯರು ಆಗಲೇ ಏಕಸ್ಫಟಿಕ ಬೆಳೆಸಿದ್ದರು ಎಂದು ಎದೆ ತಟ್ಟಿಕೊಳ್ಳುವುದು ಅವರಿಗೇ ಅನ್ಯಾಯ. ಕುಪ್ಪಿಯ ಕತ್ತಿನಲ್ಲಿ ಸಿಗುವುದು ಅಸಂಖ್ಯ ಸಣ್ಣ ಹರಳುಗಳು ಒತ್ತೊತ್ತಾಗಿ ಬೆಸೆದ ಗಟ್ಟಿ. ಅರೆದು ಮದ್ದು ಮಾಡುವವರಿಗೆ ಅಷ್ಟು ಸಾಕಿತ್ತು. ತುದಿಯಿಂದ ತುದಿಗೆ ಪರಮಾಣುಗಳ ಒಂದೇ ಜೋಡಣೆಯಿರುವ ಹರಳು ಬೇಕೆಂಬ ಹಟಕ್ಕೆ ಬಲ ಬಂದದ್ದು, 1912ರಲ್ಲಿ ಮಾಕ್ಸ್ ಫಾನ್ ಲಾವೆ ಮತ್ತು ಸಂಗಡಿಗರು ಹರಳಿನ ಮೂಲಕ ಎಕ್ಸ್-ಕಿರಣ ಹಾಯಿಸಿ ನೋಡಿದ ಮೇಲೆ.

ಇಂಗಳೀಕದ ಒಳಗೆ ಪಾದರಸ ಮತ್ತು ಗಂಧಕದ ಸರಪಳಿಗಳು ತಿರುಪಿನಂತೆ ಸುತ್ತಿಕೊಂಡು ಸಾಗುತ್ತವೆ. ಒಂದು ಹರಳಿನಲ್ಲಿ ಎಡಕ್ಕೆ, ಮತ್ತೊಂದರಲ್ಲಿ ಬಲಕ್ಕೆ. ಅದರಿಂದಾಗಿ, ತನ್ನೊಳಗೆ ಹಾಯುವ ಕೆಂಪು ಬೆಳಕಿನ ಕಂಪನದ ದಿಕ್ಕನ್ನು ಅದು ಕ್ವಾರ್ಟ್ಜ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ತಿರುಗಿಸುತ್ತದೆ. ಎಡ ಬಲ ಬೆರೆತ ಗಟ್ಟಿಯಲ್ಲಿ ಇದು ಕಾಣುವುದಿಲ್ಲ.