ಕಂಬ ಹೊರುತ್ತದೆ, ಗೋಡೆ ತುಂಬುತ್ತದೆ

ವಿಕ್ರೋಳಿಯ ಕನ್ನಮವಾರ್ ನಗರದಲ್ಲಿ ಹಳೇ ಕಟ್ಟಡ ಕೆಡವಿ ಟವರ್ ಏಳಿಸುವ ಭರಾಟೆ. ಇಟ್ಟಿಗೆ ಬರುವ ಮೊದಲು ಕಂಬ-ತೊಲೆಗಳಷ್ಟೇ ನಿಂತ ಮಹಡಿಗಳನ್ನು ಕಂಡಾಗ ನನಗೆ ನೆನಪಾಗುವುದು ಜರ್ಮನಿಯ ಹಳೇ ಮರದ ಮನೆಗಳು. ಅಲ್ಲಿ ಅದಕ್ಕೆ ಫಾಖ್‌ವೆರ್ಕ್ ಎನ್ನುತ್ತಾರೆ. ಭಾರ ಹೊರುವುದು ಮರದ ಚೌಕಟ್ಟು; ಗೋಡೆ ನಡುವಿನ ಖಾಲಿ ಜಾಗ ತುಂಬುವ ಸರಕು, ಅಷ್ಟೇ.

ಕ್ವೆಡ್ಲಿನ್‌ಬುರ್ಗ್ ಊರಿನಲ್ಲಿ 14ನೇ ಶತಮಾನದ ಇಂಥ ಮನೆ ಇನ್ನೂ ನಿಂತಿದೆ. ಆಗ ಒಂದೇ ಕಂಬ ತಳದಿಂದ ಮಾಡಿನವರೆಗೆ ಹೋಗುತ್ತಿತ್ತು. ಆಮೇಲೆ ಒಂದೊಂದು ಅಂತಸ್ತನ್ನೂ ಬೇರೆಯಾಗಿ ಕಟ್ಟಿ ಒಂದರ ಮೇಲೊಂದು ಕೂರಿಸುವ ಪದ್ಧತಿ ಬಂತು. ಉದ್ದದ ಮರ ಬೇಕಿಲ್ಲ, ಮೇಲಂತಸ್ತನ್ನು ಬೀದಿಗೆ ಚಾಚಲೂಬಹುದು. ಬಡಗಿ ತನ್ನ ಅಂಗಳದಲ್ಲೇ ಓಕ್ ಮರದ ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ, ಪ್ರತಿ ತುಂಡಿಗೂ ಉಳಿಯಿಂದ ಗೀರು ಹಾಕಿ ಗುರುತಿಟ್ಟು, ಬಿಚ್ಚಿ, ಜಾಗಕ್ಕೆ ಒಯ್ದು ನಿಲ್ಲಿಸುತ್ತಿದ್ದ. ಕೂಡುಗಳಿಗೆ ಮರದ ಬೆಣೆ. ನಡುವೆ ತುಂಬುತ್ತಿದ್ದುದು ಹೆಣೆದ ಕೋಲು, ಹುಲ್ಲು ಕಲಸಿದ ಮಣ್ಣು: ನಮ್ಮ ತಡಿಕೆ ಗೋಡೆಯೇ! 18ನೇ ಶತಮಾನದಲ್ಲಿ ಬೆಂಕಿಯ ಭಯಕ್ಕೂ ಕಲ್ಲಿನ ಮನೆಯಂತೆ ಕಾಣುವ ಶೋಕಿಗೂ ಎಷ್ಟೋ ಮನೆಗಳ ಮರ ಗಾರೆಯಡಿ ಸೇರಿತು.

ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪಾದ್ರಿಗಳಲ್ಲಿ ಬಹಳ ಮಂದಿ ಇಂಥ ಮನೆಗಳ ಸೀಮೆಯಾದ ವ್ಯೂರ್ಟೆಂಬೆರ್ಗಿನವರು. ಆದರೂ ಮಂಗಳೂರಿಗೆ ಬಂದದ್ದು ಈ ಗೋಡೆಯಲ್ಲ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಶುರುಮಾಡಿದ ಹಂಚು. ಕಾಲಡಿಯಲ್ಲೇ ಮುರಕಲ್ಲು ಸಿಗುವಾಗ ಮರದ ಗೋಡೆ ಯಾರಿಗೆ ಬೇಕು?

ನಮ್ಮಲ್ಲಿ ಫಾಖ್‌ವೆರ್ಕಿನ ಹತ್ತಿರದ ನೆಂಟ ಕಾಶ್ಮೀರದ ಧಜ್ಜಿ ದೇವಾರಿ, ಕೌದಿಯಂತೆ ಮರದ ತುಂಡುಗಳ ನಡುವೆ ಇಟ್ಟಿಗೆ-ಕಲ್ಲು ತುಂಬಿದ ಗೋಡೆ. 2005ರ ಭೂಕಂಪದಲ್ಲಿ ಇವು ಚೆನ್ನಾಗಿಯೇ ತಾಳಿಕೊಂಡವು. ಮರವಿದ್ದರಷ್ಟೇ ಸಾಲದು ಎಂಬುದು 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಕಂಡಿತು. ಮರದ ಕಂಬಗಳ ಮೇಲೆ ಮಣ್ಣಿನ ಭಾರದ ಮಾಳಿಗೆ, ಸುತ್ತ ದಪ್ಪ ಕಲ್ಲುಗೋಡೆ, ಎರಡಕ್ಕೂ ಬೆಸುಗೆಯಿಲ್ಲದೆ ಗೋಡೆಗಳು ಕುಸಿದವು.

ಇನ್ನು ಮುಂಬಯಿ. ಗಿರಗಾಂವ್, ಲಾಲ್‌ಬಾಗ್‌ಗಳ ಹಳೇ ಚಾಳುಗಳಲ್ಲಿ ಬರ್ಮಾ ಸಾಗುವಾನಿಯ ಕಂಬ-ತೊಲೆ, ನಡುವೆ ಇಟ್ಟಿಗೆ, ಮುಂದೆ ಮರದ ಕಟಕಟೆಯ ಗ್ಯಾಲರಿ, ಮೇಲೆ ಮಂಗಳೂರು ಹಂಚು. ಊರಿಂದ ಹೋಟೆಲು ಕೆಲಸಕ್ಕೆ ಬಂದ ನಮ್ಮವರೆಷ್ಟೋ ಮಂದಿ ಮಲಗಿದ್ದು ಆ ತೊಲೆಗಳ ಕೆಳಗೇ. 1860ರ ದಶಕದಲ್ಲಿ ವಾಟ್ಸನ್ ಹೋಟೆಲ್ ಇದೇ ಲೆಕ್ಕವನ್ನು ಕಬ್ಬಿಣದಲ್ಲಿ ಮಾಡಿತು. ಚೌಕಟ್ಟು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂತು. 1920ರ ದಶಕದ ಬಿಡಿಡಿ (ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್) ಚಾಳುಗಳ ಹೊತ್ತಿಗೆ ಕಾಂಕ್ರೀಟು.

ಸಾಗುವಾನಿ ಹಾಳಾಗುವುದು ಅದರ ತುದಿಯಲ್ಲಿ. ಖೋಲಿಯ ಮೂಲೆಯ ಮೋರಿಯಿಂದ ವರ್ಷಗಟ್ಟಲೆ ಜಿನುಗಿದ ನೀರು ಗೋಡೆಯೊಳಗೆ ಹೊಕ್ಕ ತೊಲೆಯ ಮೂತಿಯನ್ನು ಮೆತ್ತಗೆ ಮಾಡುತ್ತದೆ. ಹೊರಗೆ ಕಾಣುವ ಭಾಗ ಗಟ್ಟಿಯಾಗಿಯೇ ಇರುತ್ತದೆ. ಆಗ ಬರುತ್ತದೆ ಟೇಕು, ತೊಲೆಯಡಿ ಕೊಡುವ ಆಸರೆ ಕಂಬ. ಮಳೆಗಾಲಕ್ಕೆಂದು ನಿಲ್ಲಿಸಿದ ಟೇಕಿಗೆ ಮೊಳೆ ಹೊಡೆದು ಕ್ಯಾಲೆಂಡರ್ ನೇತುಹಾಕಿದ್ದನ್ನು ಕಂಡಿದ್ದೇನೆ. ಸೆಸ್ ವಸೂಲಿ ಮಾಡಿ ಇಂಥ ಕಟ್ಟಡಗಳನ್ನು ರಿಪೇರಿ ಮಾಡಿಸಲೆಂದೇ 1969ರಲ್ಲಿ ಕಾಯಿದೆ ಬಂತು. ನನಗನಿಸುವಂತೆ, ಜರ್ಮನರು ಕೊಳೆತ ತುದಿಯನ್ನಷ್ಟೇ ಕೊಯ್ದು ಹೊಸ ಮರ ಕೂಡಿಸುವ ಕಸುಬು ಉಳಿಸಿಕೊಂಡರು. ನಾವು ಟೇಕಿನಲ್ಲೇ ನಿಂತೆವು.

ಚಾಳು ಕೆಡವಿದಾಗ ಮೊದಲು ಬಿಕರಿಯಾಗುವುದು ಆ ಮರವೇ. ವಿಕ್ರೋಳಿಯ ನಮ್ಮ ಬಾಗಿಲ ಚೌಕಟ್ಟು ಅಂಥ ಒಂದು ತೊಲೆಯದು. ಮೊಣಕಾಲೆತ್ತರದಲ್ಲಿ ಬೆಣೆಯ ತೂತೊಂದಿತ್ತು. ಆಚಾರಿ ಚಕ್ಕೆ ಬಡಿದು ಮುಚ್ಚಿದ. ಎರಡು ಸಲ ಬಣ್ಣ ಬಳಿದರೂ ಗುರುತು ಹೋಗಿಲ್ಲ.