ಅಜ್ಜನ ಇಂಕ್ ಪೆನ್ನಿಗೆ ಲಕ್ಷಾಂತರ ರೂಪಾಯಿ ಸಿಗುತ್ತದೆಯೇ?

ಹಳೆಯ ಐದು ರೂಪಾಯಿ ನೋಟಿಗೆ ಲಕ್ಷ, ಹಳೆಯ ಟಿವಿಯೊಳಗಿನ ‘ಕೆಂಪು ಪಾದರಸ’ಕ್ಕೆ ಕೋಟಿ ಎನ್ನುವ ಸಂದೇಶಗಳು ನಿಮ್ಮ ಮೊಬೈಲಿಗೂ ಬಂದಿರಬಹುದು. ಹಳೆಯ ಇಂಕ್ ಪೆನ್ನುಗಳ ಬಗ್ಗೆಯೂ ಇದೇ ಧಾಟಿಯ ಮಾತುಗಳಿವೆ: ‘ಚಿನ್ನದ ನಿಬ್ಬಿನ ಹಳೇ ಪೆನ್ನು ಇದ್ದರೆ ನೀವೇ ಲಕ್ಷಾಧಿಪತಿ’. ಇದರಲ್ಲಿ ಎಷ್ಟು ನಿಜ?

ಚುಟುಕಾಗಿ ಹೇಳುವುದಾದರೆ: ಲಕ್ಷ ಬೆಲೆಯ ಪೆನ್ನುಗಳು ಇವೆ, ಆದರೆ ಅವು ಬಹಳ ಅಪರೂಪ. ಮನೆಗಳಲ್ಲಿ ಸಿಗುವ ಬಹುತೇಕ ಹಳೆಯ ಪೆನ್ನುಗಳ ಬೆಲೆ ನೂರರ ಅಥವಾ ಸಾವಿರದ ಲೆಕ್ಕದ್ದು. ಬೆಲೆ ಕಟ್ಟುವುದು ಪೆನ್ನಿನ ವಯಸ್ಸಲ್ಲ, ಅದರಲ್ಲಿರುವ ಚಿನ್ನವೂ ಅಲ್ಲ.

ಹಳೆಯದಾದಷ್ಟೂ ಬೆಲೆ ಹೆಚ್ಚೇ?

ಇಲ್ಲ. ಪಾರ್ಕರ್ 51 ಪೆನ್ನನ್ನೇ ನೋಡಿ. 1941ರಲ್ಲಿ ಅಮೆರಿಕದಲ್ಲಿ 12.50 ಡಾಲರ್‌ಗೆ ಮಾರಾಟಕ್ಕೆ ಬಂದ ಈ ಪೆನ್ನು ಆಗ ದುಬಾರಿಯೇ. ಬರೆಯುವ ತುದಿಯನ್ನು ಬಿಟ್ಟು ನಿಬ್ಬಿನ ಉಳಿದ ಭಾಗ ಮುಚ್ಚಿರುವುದೇ ಇದರ ಗುರುತು. ಆದರೆ 1970ರ ದಶಕದ ಆರಂಭದವರೆಗೆ ಇದು ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಹಾಗಾಗಿ ಇಂದಿಗೂ ಸುಲಭವಾಗಿ ಸಿಗುತ್ತದೆ. ರಿಪೇರಿಯಾಗಿ ಚೆನ್ನಾಗಿ ಬರೆಯುವ ಮಾಮೂಲಿ ಪೆನ್ನು ಅಮೆರಿಕದಲ್ಲಿ ಸುಮಾರು 80ರಿಂದ 150 ಡಾಲರ್‌ಗೆ ಮಾರಾಟವಾಗುತ್ತದೆ. ಅದೇ ಮಾದರಿಯಲ್ಲಿ ಮೊದಲ ವರ್ಷದ ಪೆನ್ನು ಅಥವಾ ಕಡಿಮೆ ತಯಾರಾದ ಪ್ಲಮ್ ಬಣ್ಣದ್ದಾದರೆ ಬೆಲೆ ಏರುತ್ತದೆ.

ಅಂದರೆ ಸಂಗ್ರಹಕಾರರು ನೋಡುವುದು ಮೂರು ಸಂಗತಿ: ಎಷ್ಟು ಅಪರೂಪ, ಎಷ್ಟು ಸುಸ್ಥಿತಿಯಲ್ಲಿದೆ, ಎಷ್ಟು ಜನ ಅದನ್ನು ಬಯಸುತ್ತಾರೆ. ಬಿರುಕು ಬಿಟ್ಟ ಕ್ಯಾಪು, ಬಾಗಿದ ನಿಬ್ಬು, ಬದಲಾದ ಬಿಡಿಭಾಗ, ಕೆತ್ತಿಸಿದ ಹೆಸರು ಇವೆಲ್ಲ ಸಾಮಾನ್ಯವಾಗಿ ಬೆಲೆ ಇಳಿಸುತ್ತವೆ.

ಚಿನ್ನದ ನಿಬ್ಬಿನಲ್ಲಿ ಎಷ್ಟು ಚಿನ್ನ?

ಹಳೆಯ ಒಳ್ಳೆಯ ಪೆನ್ನುಗಳ ನಿಬ್ಬು ಹೆಚ್ಚಾಗಿ 14 ಕ್ಯಾರೆಟ್‌ನದು. ಅದರಲ್ಲಿ ಸುಮಾರು ಶೇ 58.5ರಷ್ಟು ಮಾತ್ರ ಶುದ್ಧ ಚಿನ್ನ. ಕೆಲವು ನಿಬ್ಬುಗಳ ಮೇಲೆ ‘585’ ಎಂದು ಅಚ್ಚಾಗಿರುವುದು ಇದಕ್ಕೇ. ಮಾಮೂಲಿ ನಿಬ್ಬು ಒಂದು ಗ್ರಾಂ ಕೂಡ ತೂಗುವುದಿಲ್ಲ. ನಿಬ್ಬು ಅರ್ಧ ಗ್ರಾಂ ಇದೆ ಎಂದುಕೊಂಡರೂ ಅದರಲ್ಲಿರುವ ಚಿನ್ನ 0.3 ಗ್ರಾಂಗಿಂತ ಕಡಿಮೆ. ಚಿನ್ನದ ಆಸೆಗೆ ನಿಬ್ಬು ಕಿತ್ತು ಮಾರಿದರೆ ಪೆನ್ನಿನ ಬೆಲೆಯೂ ಹೋದಂತೆ.

ನಿಬ್ಬಿನ ಮೇಲೆ ಅಂಕಿಯ ಪಕ್ಕ ‘ಜಿಪಿ’ ಎಂದಿದ್ದರೆ ಅದು ಬರೀ ಚಿನ್ನದ ಲೇಪನ. ‘ಇರಿಡಿಯಂ ಪಾಯಿಂಟ್’ ಎಂಬ ಬರಹವನ್ನು ನೋಡಿಯೂ ಹಿಗ್ಗಬೇಕಿಲ್ಲ. ನಿಬ್ಬಿನ ತುದಿ ಸವೆಯದಿರಲೆಂದು ಗಟ್ಟಿ ಲೋಹದ ಪುಟ್ಟ ಉಂಡೆಯನ್ನು ಬೆಸೆದಿರುತ್ತಾರೆ. ಈಗ ಅದು ಹೆಚ್ಚಾಗಿ ಆಸ್ಮಿಯಂ, ರುಥೇನಿಯಂ, ಟಂಗ್‌ಸ್ಟನ್‌ನಂಥ ಲೋಹಗಳ ಮಿಶ್ರಣ. ಹಳೆಯ ಹೆಸರು ಮಾತ್ರ ಉಳಿದುಕೊಂಡಿದೆ, ಅಗ್ಗದ ಪೆನ್ನುಗಳ ಮೇಲೂ ಅದು ಇರುತ್ತದೆ.

ಹಾಗಾದರೆ ಲಕ್ಷದ ಪೆನ್ನು ಯಾವುದು?

ಜಪಾನಿನ ಕುಶಲಕರ್ಮಿಗಳು ಅರಗಿನ ಮೇಲೆ ಚಿನ್ನದ ಪುಡಿಯಿಂದ ಚಿತ್ರ ಬಿಡಿಸಿದ 1930ರ ಆಸುಪಾಸಿನ ಡನ್‌ಹಿಲ್ ನಮಿಕಿ ಪೆನ್ನುಗಳು ಹರಾಜಿನಲ್ಲಿ ಲಕ್ಷಗಟ್ಟಲೆ ಬೆಲೆ ಪಡೆಯುತ್ತವೆ. ಸುದ್ದಿಯಾಗುವ ಇನ್ನು ಕೆಲವು ಹಳೆಯ ಪೆನ್ನುಗಳೇ ಅಲ್ಲ. ಮಾಂಟ್‌ಬ್ಲಾಂಕ್ ಕಂಪನಿ 2009ರಲ್ಲಿ ಗಾಂಧೀಜಿ ಹೆಸರಿನಲ್ಲಿ ತಂದ 241 ಪೆನ್ನುಗಳಲ್ಲಿ ಒಂದೊಂದರ ಬೆಲೆ ಸುಮಾರು 11 ಲಕ್ಷ ರೂಪಾಯಿ ಇತ್ತು. ಅದು ಹೊಸದಾಗಿ ತಯಾರಿಸಿದ ಸೀಮಿತ ಆವೃತ್ತಿ. ಅದರ ಬೆಲೆ ತೋರಿಸಿ ನಿಮ್ಮ ಮನೆಯ ಪೆನ್ನಿಗೆ ಬೆಲೆ ಕಟ್ಟಲಾಗದು.

ಮನೆಯಲ್ಲಿರುವ ಪೆನ್ನನ್ನು ಗುರುತಿಸುವುದು ಹೇಗೆ?

• ಕ್ಯಾಪು, ನಿಬ್ಬು ಮತ್ತು ಪೆನ್ನಿನ ಮೈಮೇಲಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದಿ. ನಮ್ಮಲ್ಲಿ ಬಹಳ ಬಳಕೆಯಲ್ಲಿದ್ದ ಚೀನಾದ ಹೀರೋ ಪೆನ್ನುಗಳಲ್ಲಿ 616ರಂಥವು ನೋಡಲು ಪಾರ್ಕರ್ 51ರಂತೆಯೇ ಇವೆ. ಅವುಗಳ ಬೆಲೆ ತೀರಾ ಕಡಿಮೆ.

• 1930, 40ರ ದಶಕದ ಅಮೆರಿಕದ ಎಷ್ಟೋ ಪಾರ್ಕರ್ ಪೆನ್ನುಗಳ ಮೈಮೇಲೆ ದೇಶದ ಹೆಸರಿನ ಪಕ್ಕ ಒಂದು ಅಂಕಿ ಇರುತ್ತದೆ. ಅದು ತಯಾರಾದ ಇಸವಿಯ ಕೊನೆಯ ಅಂಕಿ.

• ಹರಾಜು ಜಾಲತಾಣಗಳಲ್ಲಿ ಮಾರುವವರು ಕೇಳುವ ಬೆಲೆಯನ್ನು ನಂಬಬೇಡಿ. ಯಾರು ಎಷ್ಟು ಬೇಕಾದರೂ ಕೇಳಬಹುದು. ನಿಜವಾಗಿ ಮಾರಾಟವಾದ ಪೆನ್ನುಗಳ ಬೆಲೆಯನ್ನು ಹುಡುಕಿ ನೋಡಿ.

ತೊಳೆಯುವ ಮುನ್ನ ಗಮನಿಸಿ

‘ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆಸಿಡಿ’, ‘ಸ್ಪಿರಿಟ್ ಹಾಕಿ ಒರೆಸಿ’ ಎಂಬ ಸಲಹೆಗಳು ಪೆನ್ನನ್ನೇ ಹಾಳುಮಾಡಬಹುದು. ಹಳೆಯ ಕಪ್ಪು ಪೆನ್ನುಗಳಲ್ಲಿ ಹಲವು ಎಬೊನೈಟ್‌ನವು, ಅಂದರೆ ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರ್‌ನವು. ಬಿಸಿಲು ಮತ್ತು ನೀರಿನಿಂದ ಅವು ಕಂದು ಬಣ್ಣಕ್ಕೆ ತಿರುಗುತ್ತವೆ. ಬಣ್ಣಬಣ್ಣದ ಗೆರೆಗಳ ಪೆನ್ನುಗಳು ಸಾಮಾನ್ಯವಾಗಿ ಸೆಲ್ಯುಲಾಯ್ಡ್‌ನವು. ಸ್ಪಿರಿಟ್ ತಗುಲಿದರೆ ಅವುಗಳ ಮೇಲ್ಮೈ ಕೆಡುತ್ತದೆ. ಬೆಂಕಿ ಸೋಕಿದರೆ ಥಟ್ಟನೆ ಹೊತ್ತಿಕೊಳ್ಳುತ್ತವೆ. ಹಾಗಾಗಿ ಬಿಗಿಯಾದ ಕ್ಯಾಪನ್ನು ಕಡ್ಡಿ ಗೀರಿ ಕಾಯಿಸಿ ಬಿಚ್ಚಲು ಹೋಗಬೇಡಿ. ಒಳಗಿನ ರಬ್ಬರ್ ಚೀಲ ಒಣಗಿ ಪುಡಿಯಾಗಿದ್ದರೆ ಹೊಸದನ್ನು ಹಾಕಿಸಬಹುದು. ಆ ಕೆಲಸ ಬಲ್ಲವರಿಗೇ ಕೊಡಿ.

ಮೋಸದ ಗುರುತು ಯಾವುದು?

ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ‘ನಿಮ್ಮ ಪೆನ್ನಿಗೆ ಐದು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ, ತೆರಿಗೆ ಕಟ್ಟಿ’ ಎಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಹಳೆಯ ನೋಟು, ನಾಣ್ಯಗಳ ಮಾರಾಟಕ್ಕೆ ತನ್ನ ಹೆಸರು ಬಳಸಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ಪೆನ್ನಿನ ಹೆಸರಲ್ಲಿ ಬಲೆ ಬೀಸಿದರೂ ಅದು ಅದೇ ಜಾತಿಯ ಮೋಸ. ಒಟಿಪಿ ಹೇಳಬೇಡಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ. ಹಣ ಪಡೆಯಲು ಅವೆರಡೂ ಬೇಕಿಲ್ಲ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ: ಹಳೆಯ ಪೆನ್ನು ಲಾಟರಿ ಚೀಟಿಯಲ್ಲ, ಹಾಗೆಂದು ಗುಜರಿಯೂ ಅಲ್ಲ. ಬೆಲೆ ತಿಳಿಯದೆ ಮಾರಬೇಡಿ, ಚಿನ್ನಕ್ಕಾಗಿ ಮುರಿಯಬೇಡಿ. ಮಾಮೂಲಿ ಪೆನ್ನೇ ಎಂದು ಗೊತ್ತಾದರೆ ಸರಿಪಡಿಸಿ, ಇಂಕು ತುಂಬಿ ಬರೆಯಿರಿ. ‘ಲಕ್ಷಾಧಿಪತಿ’ ಸಂದೇಶವನ್ನು ಮಾತ್ರ ಮುಂದಕ್ಕೆ ಕಳಿಸಬೇಡಿ.